ಸ್ಟೋವೆಂಬ ಸಂಚಾರಿ ಒಲೆ

ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಫ್ಲೀಟ್ ಸಾಹೇಬರು ಓದಿ ಪ್ರಕಟಿಸಿದ ಬಳಿಕ, ಪಲಾಶಿಕೆಯೆಂಬ ಆ ಪುರಾತನ ಪಟ್ಟಣವೂ, ಅದನ್ನಾಳಿದ ಅರಸರೂ, ಅವರಿಂದ ಭೂದಾನ ಪಡೆದ ಸೇನಾಪತಿ ಶ್ರುತಕೀರ್ತಿಯೂ ನಮ್ಮ ನಾಡಿನ ಇತಿಹಾಸದಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದರು. ಆ ತಗಡುಗಳು ಅಷ್ಟು ಶತಮಾನಗಳ ಕಾಲ ಉಳಿದುಬಂದದ್ದಕ್ಕೆ ಮುಖ್ಯವಾದ ಕಾರಣವು, ನಡುವೆ ಯಾರೊಬ್ಬರೂ ಅವನ್ನು ಕರಗಿಸಿ ಬಿಂದಿಗೆ ಮಾಡಿಸಲಿಲ್ಲವೆಂಬುದೇ ಆಗಿರುವದು. ಅದೇ ತಾಮ್ರಕ್ಕೆ ಸತುವನ್ನು ಬೆರೆಸಿ ಮಾಡಿದ ಹಿತ್ತಾಳೆಯ ವಸ್ತುವೊಂದು ಎರಡು ತಲೆಮಾರುಗಳ ಹಿಂದೆ ಬೆಳಗಾವಿಯ ಸಾವಿರಾರು ಮನೆಗಳಲ್ಲಿ ದಿನಬೆಳಗಾದರೆ ಭೋರ್ಗರೆಯುತ್ತಿತ್ತು. ಇಂದು ಅದು ತೂಕದ ಲೆಕ್ಕದಲ್ಲಿ ಗುಜರಿಯವರ ತಕ್ಕಡಿಯನ್ನೇರುತ್ತಲಿದೆ. ಅದರ ಮೈಮೇಲೆಯೂ ಅಕ್ಷರಗಳುಂಟು; ಓದಬಲ್ಲವರಿಗೆ ಅದು ತನ್ನ ಊರನ್ನೂ ಹುಟ್ಟಿದ ವರ್ಷವನ್ನೂ ಹೇಳುವದು. ಪಂಪು ಹೊಡೆದು ಉರಿಸುವ ಆ ಘಾಸಲೇಟಿನ ಸ್ಟೋವಿನ ಚರಿತ್ರೆಯನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬೇಕೆಂದಿದ್ದೇನೆ.

ಮುಂಬಯಿ ಇಲಾಖೆಯ ಗ್ಯಾಝೆಟಿಯರುಗಳ ಮಾಲೆಯಲ್ಲಿ ಬೆಳಗಾವಿ ಜಿಲ್ಲೆಯ ಸಂಪುಟವು ೧೮೮೪ನೆಯ ಇಸವಿಯಲ್ಲಿ ಹೊರಬಿದ್ದಿತು. ಯಾವ ಯಾವ ಪಂಗಡದವರ ಮನೆಗಳು ಹೇಗಿದ್ದವು, ಅವರ ಊಟ ಉಡುಗೆ ಪಾತ್ರೆಪದಾರ್ಥಗಳು ಯಾವವು ಎಂಬುದನ್ನೆಲ್ಲ ಬರೆದಿಡುವದು ಆ ಮಾಲೆಯ ಪದ್ಧತಿಯಾಗಿತ್ತು. ಸ್ಟೋವು ಹುಟ್ಟಿದ್ದು ಅದಾದ ಎಂಟು ವರ್ಷಗಳ ಮೇಲೆ. ಆದ್ದರಿಂದ ನಮ್ಮ ಅಡಿಗೆಮನೆಯ ಹಳೆಯ ಸ್ಥಿತಿಯನ್ನು ತಿಳಿಯಬೇಕೆನ್ನುವವರಿಗೆ ಆ ಸಂಪುಟವು ಒಳ್ಳೆಯ ಗಡಿಗಲ್ಲಾಗಿರುವದು. ಆಗ ಉರಿಯೆಂದರೆ ಕಟ್ಟಿಗೆ, ಕುಳ್ಳು, ಇದ್ದಲಿ, ಒಲೆಯೆಂದರೆ ಮಣ್ಣು. ಒಲೆಯು ಮನೆಯೊಂದಿಗೆ ಹುಟ್ಟಿ ಮನೆಯೊಂದಿಗೆ ಬೀಳುವ ಸ್ಥಾವರ ವಸ್ತುವಾಗಿದ್ದಿತು. ಅದನ್ನು ಹೊತ್ತುಕೊಂಡು ಹೋಗಬಹುದೆಂಬ ಕಲ್ಪನೆಯೇ ಸಾಮಾನ್ಯರಿಗೆ ಇರಲಿಲ್ಲ.

ಹಾಗಾದರೆ ಪ್ರವಾಸದಲ್ಲಿ ಏನು ಮಾಡುತ್ತಿದ್ದರು? ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಬುತ್ತಿ ತೀರಿದ ಮೇಲೆ ಮೂರು ಕಲ್ಲು ಹೂಡುತ್ತಿದ್ದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋದ ಒಕ್ಕಲುಮಕ್ಕಳು ಗಾಡಿಯ ಕೊರಳು ಬಿಚ್ಚಿದಲ್ಲಿಯೇ ಮೂರು ಕಲ್ಲಿಟ್ಟು, ಕಡುಬು ಹೋಳಿಗೆ ಬೇಯಿಸಿ, ಪಡಲಿಗೆ ತುಂಬಿಸುವ ಸಂಪ್ರದಾಯವು ಇಂದಿಗೂ ನಿಂತಿಲ್ಲ. ಕಲ್ಲುಗಳ ಜಾಗಕ್ಕೆ ಈಗ ಬಹಳ ಮಟ್ಟಿಗೆ ಗ್ಯಾಸಿನ ಸಣ್ಣ ಟಾಕಿ ಬಂದಿದೆ, ಅಷ್ಟೆ. ಸರಕಾರದ ಅಧಿಕಾರಿಗಳು ದೌರೆಗೆ ಹೊರಟರೆ ಡೇರೆಯೊಂದಿಗೆ ಬಬರ್ಚಿಯೂ ಬರುತ್ತಿದ್ದನು. ಅವನ ಅಡಿಗೆಯೂ ಕಲ್ಲು ಕಟ್ಟಿಗೆಗಳ ಮೇಲೆಯೇ. ಸಾಹೇಬರ ಚಹದ ಪೆಟ್ಟಿಗೆಯಲ್ಲಿ ಮಾತ್ರ ಸ್ಪಿರಿಟಿನ ಚಿಕ್ಕ ದೀಪದ ಮೇಲೆ ಕುದಿಯುವ ಕಿತ್ತಲಿಯಿರುತ್ತಿತ್ತು. ಎತ್ತಿಡಬಹುದಾದ ಒಲೆಯೆಂದರೆ ನಮ್ಮಲ್ಲಿ ಶೇಗಡಿಯೊಂದೇ. ಕಬ್ಬಿಣದ್ದಾಗಲಿ ಮಣ್ಣಿನದಾಗಲಿ, ಬಾಣಂತಿಯ ಕೋಣೆಗೂ ಬಟ್ಟೆ ಇಸ್ತ್ರಿ ಮಾಡುವವರ ಜಗಲಿಗೂ ಅದು ಹೋಗುತ್ತಿತ್ತು. ಖಾನಾಪುರದ ಅರಣ್ಯದ ಇದ್ದಲಿಯೂ ಖಾನಾಪುರದ ಜೇಡಿಯೂ ಕೂಡಿದಲ್ಲಿ ಶೇಗಡಿಗೆ ಕೊರತೆಯಿಲ್ಲ. ಆ ಊರಿನ ಮಣ್ಣಿನ ಗುಣವನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ: ಅಲ್ಲಿಯ ಹಂಚುಗಳು ಜಿಲ್ಲೆಯ ಮಾಡುಗಳ ಮೇಲೆ ಹಾಸಿವೆ, ಖಾದಿ ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ಅಲ್ಲಿಯೇ ಸ್ಥಾಪಿಸಿದರು.

ಇನ್ನು ಎಣ್ಣೆಯ ಮಾತು. ಸ್ಟೋವಿಗಿಂತ ಮೊದಲು ಅದರ ಎಣ್ಣೆ ಬಂದಿತು. ಅದೂ ಅಡಿಗೆಗಲ್ಲ, ಬೆಳಕಿಗೆ. ಕೆರೋಸಿನ್ ಎಂಬ ಹೆಸರನ್ನು ೧೮೫೪ರಲ್ಲಿ ಅಬ್ರಾಹಂ ಗೆಸ್ನರನೆಂಬ ಕೆನಡಾ ದೇಶದವನು ಇಟ್ಟನು. ಅಮೇರಿಕೆಯಿಂದಲೂ ರಶಿಯದ ಬಾಕು ಪ್ರಾಂತದಿಂದಲೂ, ಆಮೇಲೆ ಬ್ರಹ್ಮದೇಶದಿಂದಲೂ ಅದು ನಮ್ಮ ಬಂದರುಗಳಿಗೆ ಇಳಿಯಿತು. ಕನ್ನಡಿಗರು ಅದಕ್ಕೆ ಒಂದು ಹೆಸರಿನಿಂದ ತೃಪ್ತರಾಗಲಿಲ್ಲ. ಮೈಸೂರಿನವರು ಪರದೇಶದ ಸುಣ್ಣವನ್ನು ಸೀಮೆಸುಣ್ಣವೆಂದಂತೆ ಇದನ್ನು ಸೀಮೆಎಣ್ಣೆಯೆಂದರು. ನಮ್ಮ ಕಡೆಗೆ ಚಿಮಣಿಯಲ್ಲಿ ಉರಿಯುವದರಿಂದ ಚಿಮಣಿ ಎಣ್ಣೆಯಾಯಿತು. ಮರಾಠಿಯ ನೆರೆಯಿಂದ ಘಾಸಲೇಟ, ರಾಕೇಲ ಎಂಬ ಎರಡು ಹೆಸರುಗಳು ಬಂದವು. ಮೊದಲನೆಯದು ಗ್ಯಾಸ್‌ಲೈಟ್ ಎಂಬುದರ ಅಪಭ್ರಂಶ, ಎರಡನೆಯದು ರಾಕ್ ಆಯಿಲ್ ಎಂಬುದರದು. ಬೆಳಗಾವಿಯ ಪೇಟೆಯಲ್ಲಿ ಒಂದೇ ಅಂಗಡಿಯ ಮುಂದೆ ನಿಂತ ನಾಲ್ಕು ಗಿರಾಕಿಗಳು ಒಂದೇ ಎಣ್ಣೆಯನ್ನು ನಾಲ್ಕು ಹೆಸರುಗಳಿಂದ ಕೇಳಿದರೆ ಅಂಗಡಿಯವನು ಹುಬ್ಬೇರಿಸುತ್ತಿರಲಿಲ್ಲ. ಸಾಹಿತ್ಯಪ್ರಿಯರಿಗಾಗಿ ಇನ್ನೊಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸುತ್ತೇನೆ. ಹಿಂದಿಯಲ್ಲಿ ಕೀಳು ಅಭಿರುಚಿಯ ಬರವಣಿಗೆಗೆ ‘ಘಾಸಲೇಟೀ ಸಾಹಿತ್ಯ’ವೆಂದು ಹೆಸರಿಟ್ಟು, ಇಪ್ಪತ್ತರ ದಶಕದ ಕೊನೆಯಲ್ಲಿ ಬನಾರಸೀದಾಸ ಚತುರ್ವೇದಿಯವರು ಒಂದು ಚಳವಳಿಯನ್ನೇ ನಡಿಸಿದರು. ತುಪ್ಪದ ದೀಪದ ನಾಡಿನಲ್ಲಿ ಈ ಎಣ್ಣೆಯ ಮಾನವು ಎಷ್ಟಿತ್ತೆಂಬುದು ಈ ಒಂದು ಬೈಗುಳದಿಂದಲೇ ತಿಳಿಯುವದು.

ಎಣ್ಣೆಯನ್ನು ಬತ್ತಿಯಿಂದ ಹೀರಿಸಿ ಉರಿಸಿದರೆ ಬೆಳಕು ಬರುವದು, ಹೊಗೆಯೂ ಮಸಿಯೂ ಬರುವವು. ಪಾತ್ರೆಯ ತಳ ಕರಿಯಾಗದಂತೆ, ಉರಿಯು ನೀಲಿಯಾಗಿ, ಕಾವು ತೀಕ್ಷ್ಣವಾಗಿ ಬರಬೇಕಾದರೆ ಎಣ್ಣೆಯು ದ್ರವರೂಪವನ್ನು ಬಿಟ್ಟು ಆವಿಯಾಗಿ ಗಾಳಿಯೊಡನೆ ಚೆನ್ನಾಗಿ ಬೆರೆಯಬೇಕು. ಸ್ವೀಡನ್ ದೇಶದ ಕಾರ್ಲ್ ರಿಚರ್ಡ್ ನೀಬರ್ಗನು ೧೮೮೨ರ ಸುಮಾರಿಗೆ ಇದೇ ತತ್ತ್ವದ ಮೇಲೆ ಬೆಸುಗೆಯವರ ಊದುದೀಪವನ್ನು ನಿರ್ಮಿಸಿದನು. ಹತ್ತು ವರ್ಷಗಳ ಬಳಿಕ, ೧೮೯೨ರಲ್ಲಿ, ಸ್ಟಾಕ್‌ಹೋಮಿನ ಕಾರಖಾನೆಯೊಂದರಲ್ಲಿ ಯಂತ್ರಕೆಲಸ ಮಾಡುತ್ತಿದ್ದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟನು ಅದನ್ನು ಅಡಿಗೆಯ ಒಲೆಯಾಗಿ ಮಾರ್ಪಡಿಸಿದನು. ಪ್ರೈಮಸ್ ಎಂದು ಅದಕ್ಕೆ ಹೆಸರಾಯಿತು. ಲ್ಯಾಟಿನಿನಲ್ಲಿ ಅದರ ಅರ್ಥ ‘ಮೊದಲನೆಯದು’. ಬಿ. ಎ. ಯೋರ್ಟ್ ಎಂಬ ವರ್ತಕ ಸಂಸ್ಥೆಯವರು ಅದರ ಮಾರಾಟವನ್ನು ವಹಿಸಿಕೊಂಡು ಲೋಕದ ಮೂಲೆಮೂಲೆಗೂ ಕಳಿಸಿದರು. ಬೇಗನೆ ಆಪ್ಟಿಮಸ್, ರೇಡಿಯಸ್, ಸ್ವೇಯಾ ಎಂಬ ಸ್ಪರ್ಧಿಗಳು ಅದೇ ದೇಶದಲ್ಲಿ ಹುಟ್ಟಿಕೊಂಡರು. ಒಂದು ಚಿಕ್ಕ ಶೀತಪ್ರದೇಶವು ಲೋಕದ ಅಡಿಗೆಮನೆಯನ್ನು ಗೆದ್ದ ಈ ಸಂಗತಿಯು, ಕೆಲವು ಸಾಮ್ರಾಜ್ಯಗಳ ದಿಗ್ವಿಜಯಗಳಿಗಿಂತ ಹೆಚ್ಚು ಓದಲರ್ಹವಾಗಿದೆಯೆಂದು ನನ್ನ ಅಭಿಪ್ರಾಯ.

ಅದರ ಕ್ರಮವನ್ನು ಕಂಡರಿಯದ ಎಳೆಯರಿಗಾಗಿ ತುಸು ವಿವರಿಸುತ್ತೇನೆ. ಕೆಳಗೆ ಹಿತ್ತಾಳೆಯ ದುಂಡಗಿನ ಟಾಕಿ. ಅದಕ್ಕೆ ಮೂರು ಕಾಲುಗಳು ಬೆಸೆದು ಮೇಲೆ ಪಾತ್ರೆಯಿಡುವ ಬಳೆಯನ್ನು ಹೊತ್ತಿರುವವು. ಟಾಕಿಯಲ್ಲಿ ಮುಕ್ಕಾಲುಪಾಲು ಎಣ್ಣೆ, ಉಳಿದ ಕಾಲುಪಾಲು ಗಾಳಿಗೆ. ನಡುವೆ ಮೇಲೆದ್ದ ಬರ್ನರು. ಅದರ ಕೊರಳಲ್ಲಿ ಒಂದು ಬಟ್ಟಲು. ಬಟ್ಟಲಲ್ಲಿ ಸ್ಪಿರಿಟನ್ನು ಸುರಿದು ಹೊತ್ತಿಸಿದರೆ ಬರ್ನರಿನ ನಳಿಗೆಗಳು ಕಾಯುವವು. ಘಾಸಲೇಟು ಕುದಿಯಬೇಕಾದರೆ ಸುಮಾರು ೧೫೦ರಿಂದ ೩೦೦ ಸೆಂಟಿಗ್ರೇಡ್ ಅಂಶಗಳ ಕಾವು ಬೇಕು. ಆ ಮೊದಲ ಕಾವನ್ನು ಸ್ಪಿರಿಟು ಕೊಡುವದು. ಸ್ಪಿರಿಟು ಇನ್ನೇನು ಆರಬೇಕೆನ್ನುವಷ್ಟರಲ್ಲಿ ಗಾಳಿಯ ಸ್ಕ್ರೂವನ್ನು ಬಿಗಿದು ಪಂಪು ಹೊಡೆಯಬೇಕು. ಗಾಳಿಯ ಒತ್ತಡದಿಂದ ಎಣ್ಣೆಯು ಮೇಲೇರಿ, ಕಾದ ನಳಿಗೆಯಲ್ಲಿ ಆವಿಯಾಗಿ, ಸೂಜಿಯ ಮೊನೆಯಷ್ಟಿರುವ ನಿಪ್ಪಲಿನ ರಂಧ್ರದಿಂದ ರಭಸವಾಗಿ ಚಿಮ್ಮುವದು. ಹೋಗುವಾಗ ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಮೇಲಿನ ಬಿಲ್ಲೆಗೆ ತಾಗಿ, ನೀಲಿ ಉರಿಯಾಗಿ ಹರಡುವದು. ಆ ಉರಿಯೇ ನಳಿಗೆಗಳನ್ನು ಕಾಯಿಸುತ್ತ ಮುಂದಿನ ಎಣ್ಣೆಯನ್ನು ಆವಿಮಾಡುವದರಿಂದ, ಒಮ್ಮೆ ಹಿಡಿದ ಮೇಲೆ ಅದು ತನ್ನನ್ನು ತಾನೇ ನಡಿಸಿಕೊಳ್ಳುವದು. ನಿಪ್ಪಲಿಗೆ ಕಸ ಕಟ್ಟಿದರೆ ಪಿನ್ನು ಹಾಕಬೇಕು; ಪಂಪು ಸಡಿಲಾದರೆ ಒಳಗಿನ ಚರ್ಮದ ವಾಯಸರಿಗೆ ಎಣ್ಣೆ ಸವರಬೇಕು. ನಂದಿಸುವದಕ್ಕೆ ಊದಬೇಕಾಗಿಲ್ಲ, ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟರಾಯಿತು. ದೊಡ್ಡ ನಿಟ್ಟುಸಿರೊಂದನ್ನು ಬಿಟ್ಟು ಅದು ಸುಮ್ಮನಾಗುವದು. ತಂತ್ರವು ಇಷ್ಟೇ. ಆದರೆ ಸ್ಪಿರಿಟು ಆರುವ ಆ ಒಂದು ಕ್ಷಣವನ್ನು ಹಿಡಿಯಬಲ್ಲ ಕೈಗೂ ಹಿಡಿಯಲಾರದ ಕೈಗೂ ಬಹಳ ಅಂತರವುಂಟು. ಮೊದಲೇ ಪಂಪು ಹೊಡೆದರೆ ಹಸಿ ಎಣ್ಣೆಯೇ ಚಿಮ್ಮಿ ಮೊಳದುದ್ದ ಹಳದಿ ಜ್ವಾಲೆಯೇಳುವದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಂಗ ಬರುವದು.

ಪ್ರವಾಸದ ಒಲೆಯಾಗಿ ಇದರ ಕೀರ್ತಿಯು ಮೊದಲು ಹಬ್ಬಿದ್ದು ಧ್ರುವಪ್ರದೇಶಗಳಿಂದ. ನಾರ್ವೆಯ ನಾನ್ಸೆನ್ನನು ೧೮೯೩ರಲ್ಲಿ ಹೊರಟ ಉತ್ತರಧ್ರುವದ ಯಾತ್ರೆಯಲ್ಲಿ ಇದನ್ನು ಒಯ್ದನು. ಹಿಮವನ್ನು ಕರಗಿಸದೆ ಕುಡಿಯುವ ನೀರೇ ಇಲ್ಲದಲ್ಲಿ ಒಲೆಯೆಂದರೆ ಪ್ರಾಣ. ಸ್ವೀಡನ್ನಿನ ಆಂಡ್ರೇ ಎಂಬವನು ೧೮೯೭ರಲ್ಲಿ ಇಬ್ಬರು ಸಂಗಡಿಗರೊಡನೆ ವಾಯುಗೋಲವನ್ನೇರಿ ಹೊರಟು ಕಾಣದಾದನು. ೧೯೩೦ರಲ್ಲಿ ಒಂದು ನಿರ್ಜನ ದ್ವೀಪದ ಮೇಲೆ ಅವರ ಅವಶೇಷಗಳು ದೊರೆತಾಗ ಪ್ರೈಮಸ್ ಸ್ಟೋವೂ ಅಲ್ಲಿದ್ದಿತು. ಟಾಕಿಯಲ್ಲಿ ಇನ್ನೂ ಎಣ್ಣೆಯಿತ್ತು. ಪಂಪು ಹೊಡೆದರೆ ಮೂವತ್ತುಮೂರು ವರ್ಷಗಳ ಮೇಲೆಯೂ ನಿಪ್ಪಲಿನಿಂದ ತುಂತುರಾಗಿ ಚಿಮ್ಮಿತು. ಅವರು ಸತ್ತದ್ದು ಹೇಗೆಂಬುದರ ಬಗ್ಗೆ ಇರುವ ಹಲವು ಊಹೆಗಳಲ್ಲಿ, ಮುಚ್ಚಿದ ಡೇರೆಯೊಳಗೆ ಇದೇ ಸ್ಟೋ ಬಿಟ್ಟ ವಿಷವಾಯುವಿನಿಂದ ಎಂಬುದೂ ಒಂದು. ದಕ್ಷಿಣಧ್ರುವದ ಕಥೆಯಲ್ಲಿ ಪಾಠವು ಬೇರೆ. ಆಮುಂಡ್ಸೆನ್ನನು ತನ್ನ ಎಣ್ಣೆಯ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದ್ದನು. ಸ್ಕಾಟನ ಡಬ್ಬಿಗಳ ಬಿರಡೆಗೆ ಚರ್ಮದ ವಾಯಸರು. ಚಳಿಯಲ್ಲಿ ಆ ಚರ್ಮವು ಕೆಟ್ಟು, ದಾರಿಯ ಠಾಣೆಗಳಲ್ಲಿ ಕೂಡಿಟ್ಟ ಎಣ್ಣೆಯು ಸೋರಿಯೂ ಆವಿಯಾಗಿಯೂ ಕಡಿಮೆಯಾಗಿದ್ದಿತು. ೧೯೧೨ರಲ್ಲಿ ಹಿಂದಿರುಗುವ ಹಾದಿಯಲ್ಲಿ ಅವನೂ ಅವನ ಸಂಗಡಿಗರೂ ಮಡಿದದ್ದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು. ಪೇಟೆಯಲ್ಲಿ ಕೂತು ವಾಯಸರು ಬದಲಿಸುವ ರಿಪೇರಿಯವನ ಕೆಲಸವನ್ನು ಕ್ಷುಲ್ಲಕವೆನ್ನುವವರು ಈ ಸಂಗತಿಯನ್ನು ವಿಚಾರಿಸಬೇಕು.

ಬೆಳಗಾವಿಗೆ ಬರೋಣ. ೧೮೧೮ರ ಏಪ್ರಿಲಿನಲ್ಲಿ ಮನ್ರೋ ಸಾಹೇಬನು ಕೋಟೆಯನ್ನು ಹಿಡಿದ ತರುವಾಯ ಊರಿನ ಪಶ್ಚಿಮಕ್ಕೆ ಕ್ಯಾಂಪು ಬೆಳೆಯಿತು. ಪಲಟಣವಿದ್ದಲ್ಲಿ ಪರದೇಶದ ಸಾಮಾನು ಮೊದಲು ಕ್ಯಾಂಪಿನ ಅಂಗಡಿಗಳಿಗೆ ಬಂದು, ಅಲ್ಲಿಂದ ಖಡೇಬಾಜಾರ ರವಿವಾರಪೇಟೆಗಳಿಗೆ ಇಳಿದು, ಕೊನೆಗೆ ಶಹಾಪುರ ವಡಗಾವಿಗಳ ಮನೆಗಳಿಗೆ ತಲಪುವದು ರೂಢಿ. ಬಿಸ್ಕೀಟೂ ಬಂದದ್ದು ಹಾಗೆ, ಸ್ಟೋವೂ ಹಾಗೆಯೇ. ಆದರೆ ಮನೆಯೊಳಗೆ ಅದಕ್ಕೆ ದಾರಿ ಮಾಡಿಕೊಟ್ಟದ್ದು ಪಲಟಣವಲ್ಲ, ಚಹ. ಎರಡು ಕಪ್ಪು ಚಹಕ್ಕಾಗಿ ಒಲೆ ಹೊತ್ತಿಸಿ, ಊದುಗೊಳವೆಯಿಂದ ಊದಿ, ಕಣ್ಣು ಕೆಂಪಾಗಿಸಿಕೊಳ್ಳುವದು ಯಾರಿಗೆ ಬೇಕು? ಅತಿಥಿಯು ಬಂದು ಕೂತನೆಂದರೆ ಒಳಗಿನಿಂದ ಭುಸ್ಸೆಂಬ ಸದ್ದು ಕೇಳಬೇಕು. ಚಹದ ಸೂಚನೆ ಅದೇ.

ಆದರೂ ಅದರ ಪ್ರವೇಶವು ಸುಲಭವಾಗಿ ಆಗಲಿಲ್ಲ. ಮಡಿಯ ಮನೆಗಳಲ್ಲಿ ನೈವೇದ್ಯದ ಅಡಿಗೆಗೆ ಸ್ಟೋ ನಿಷಿದ್ಧ. ದುರ್ಗಂಧದ ಎಣ್ಣೆ, ಎಲ್ಲಿಯದೋ ಸ್ಪಿರಿಟು, ಒಳಗೆ ಚರ್ಮದ ವಾಯಸರು—ಆಕ್ಷೇಪಣೆಗೆ ಒಂದಲ್ಲ, ಮೂರು ಕಾರಣಗಳು. ಆದ್ದರಿಂದ ಅದು ಅಡಿಗೆಮನೆಯ ಹೊಸ್ತಿಲ ಹೊರಗೆ, ನಡುಮನೆಯ ಗೂಡಿನಲ್ಲಿಯೋ ಹಿತ್ತಿಲ ಪಡಸಾಲೆಯಲ್ಲಿಯೋ ನಿಂತಿತು. ಒಲೆಯ ಮೇಲಿನ ಅನ್ನ ದೇವರಿಗೆ, ಸ್ಟೋವಿನ ಮೇಲಿನ ಚಹ ಮನುಷ್ಯರಿಗೆ ಎಂಬ ಒಡಂಬಡಿಕೆಯಿಂದ ಎರಡೂ ಬಹುಕಾಲ ಕೂಡಿ ಬಾಳಿದವು. ಬಂಗಾಲದವರು ಈ ತೊಡಕನ್ನು ಬೇರೆ ರೀತಿಯಿಂದ ಬಿಡಿಸಿಕೊಂಡರು: ಕಲಕತ್ತೆಯ ಇಂದುಮಾಧವ ಮಲ್ಲಿಕರು ೧೯೧೦ರಲ್ಲಿ ಇಕ್ಮಿಕ್ ಕುಕ್ಕರನ್ನು ರಚಿಸಿ, ಕೆಳಗೆ ಇದ್ದಲಿ, ಮೇಲೆ ಡಬ್ಬಿಯೊಳಗೆ ಡಬ್ಬಿಯಾಗಿ ಅನ್ನ ಬೇಳೆ ಪಲ್ಯಗಳು ಹಬೆಯಲ್ಲಿ ತಾವಾಗಿಯೇ ಬೇಯುವಂತೆ ಮಾಡಿದರು. ಎಣ್ಣೆಯ ಸೋಂಕಿಲ್ಲದ ಪ್ರವಾಸದ ಒಲೆಯಿದು. ಬುದ್ಧಿವಂತಿಕೆಯಲ್ಲಿ ಪ್ರೈಮಸಿಗೆ ಎಳ್ಳಷ್ಟೂ ಕಡಿಮೆಯಲ್ಲದಿದ್ದರೂ ಅದಕ್ಕೆ ಅಂಥ ಪ್ರಸಾರ ದೊರೆಯಲಿಲ್ಲ.

ಸ್ಟೋವಿನಿಂದ ಅತ್ಯಂತ ಉಪಕೃತರಾದವರು ವಿದ್ಯಾರ್ಥಿಗಳೆಂದು ನಾನು ತಿಳಿಯುತ್ತೇನೆ. ೧೯೩೩ರಲ್ಲಿ ಲಿಂಗರಾಜ ಕಾಲೇಜು, ೧೯೩೯ರಲ್ಲಿ ಕಾಯದೆಯ ಕಾಲೇಜು, ೧೯೪೫ರಲ್ಲಿ ರಾಣಿ ಪಾರ್ವತಿದೇವಿ ಕಾಲೇಜು, ಹೀಗೆ ಬೆಳಗಾವಿಯು ವಿದ್ಯೆಯ ಊರಾಗುತ್ತ ಬಂದಂತೆ ಖಾನಾಪುರ, ಬೈಲಹೊಂಗಲ, ಗೋಕಾಕಗಳ ಹಳ್ಳಿಯ ಹುಡುಗರು ಬಾಡಿಗೆಯ ಕೋಣೆಗಳಲ್ಲಿ ಇರತೊಡಗಿದರು. ಹಿಂದಿನ ತಲೆಮಾರಿನ ಬಡ ವಿದ್ಯಾರ್ಥಿಗೆ ವಾರಾನ್ನವೇ ಗತಿ. ಏಳು ದಿನಗಳಿಗೆ ಏಳು ಮನೆ, ಏಳು ಮನೆಯವರ ಮುಖ ನೋಡಿ ಉಣ್ಣಬೇಕು, ಜಾತಿಯು ಹೊಂದದಿದ್ದರೆ ಅದೂ ಇಲ್ಲ. ಒಂದು ಸ್ಟೋ, ಒಂದು ಪಾತ್ರೆ, ಊರಿನಿಂದ ಬಂದ ಅಕ್ಕಿಯ ಚೀಲ ಇವಿಷ್ಟಿದ್ದರೆ ಹುಡುಗನು ಯಾರ ಮನೆಯ ಬಾಗಿಲನ್ನೂ ಕಾಯಬೇಕಾಗಿರಲಿಲ್ಲ. ಖಾನಾಪುರದ ರೈಲು ನಿಲ್ದಾಣದಲ್ಲಿ ಟ್ರಂಕು ಹಾಸಿಗೆಗಳೊಡನೆ ಸ್ಟೋವನ್ನೂ ಹೊತ್ತು ಇಳಿಯುವ ಹುಡುಗರ ದೃಶ್ಯವು ಹಳಬರಿಗೆ ಅಪರಿಚಿತವಲ್ಲ. ಟಾಕಿ ಬರಿದುಮಾಡದೆ ರೈಲಿನಲ್ಲಿ ಒಯ್ಯುವವರೂ, ನಡೆಯುವ ಡಬ್ಬಿಯಲ್ಲಿಯೇ ಚಹ ಕಾಯಿಸುವವರೂ ಇದ್ದರು. ಅದು ರೈಲಿನ ಕಾಯದೆಗೆ ವಿರುದ್ಧವಾದದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ನಮ್ಮ ಸೀಮೆಯ ಅರಣ್ಯವೇ ಒಂದು ದೊಡ್ಡ ಶಿಬಿರವಾಯಿತು. ಬ್ರಿಟಿಷ್ ಸೈನ್ಯದ ಎರಡನೆಯ ಡಿವಿಜನ್ನಿನವರು ೧೯೪೩–೪೪ರಲ್ಲಿ ಬೆಳಗಾವಿಯ ಸುತ್ತಿನ ಕಾಡುಗಳಲ್ಲಿ ಅರಣ್ಯಯುದ್ಧದ ಅಭ್ಯಾಸ ಮಾಡಿ, ಇಲ್ಲಿಂದಲೇ ೧೯೪೪ರ ವಸಂತದಲ್ಲಿ ಕೋಹಿಮೆಯ ಭೀಕರ ಕಾಳಗಕ್ಕೆ ಹೋದರು. ಆ ಕಾಲದ ಬ್ರಿಟಿಷ್ ಸಿಪಾಯಿಯ ಚೀಲದಲ್ಲಿ ಟಾಮಿ ಕುಕ್ಕರೆಂಬ ತಗಡಿನ ಪುಟ್ಟ ಒಲೆಯಿದ್ದು, ಅದರಲ್ಲಿ ಕರ್ಪೂರದಂಥ ಗಟ್ಟಿ ಬಿಲ್ಲೆಯನ್ನು ಉರಿಸಿ ಒಂದು ಡಬ್ಬಿ ಚಹ ಕಾಯಿಸಬಹುದಾಗಿತ್ತು. ಇತ್ತ ಬೆಳಗಾವಿಯ ಮರಾಠಾ ಪಲಟಣದವರು ೧೯೪೧ರಲ್ಲಿ ಎರಿಟ್ರಿಯದ ಕೆರೆನ್ನಿನಲ್ಲಿಯೂ, ಆಮೇಲೆ ಇಟಲಿಯಲ್ಲಿಯೂ ಕಾದಿದರು. ಉತ್ತರ ಆಫ್ರಿಕೆಯ ಮರುಭೂಮಿಯಲ್ಲಿ ಸೈನಿಕರು ಪೆಟ್ರೋಲಿನ ಖಾಲಿ ಡಬ್ಬಿಯನ್ನು ಅಡ್ಡಕ್ಕೆ ಕೊಯ್ದು, ಉಸುಕು ತುಂಬಿ, ಮೇಲೆ ಪೆಟ್ರೋಲು ಸುರಿದು ಹೊತ್ತಿಸುವ ಒಲೆಯನ್ನು ಕಂಡುಹಿಡಿದು ಅದಕ್ಕೆ ಬೆಂಗಾಜಿಯೆಂದು ಹೆಸರಿಟ್ಟರು. ನಾಲ್ಕು ಗ್ಯಾಲನ್ನಿನ ಅಂಥ ಡಬ್ಬಿಯು ನಮ್ಮವರಿಗೂ ಹೊಸದಲ್ಲ. ಘಾಸಲೇಟು ತೀರಿದ ಮೇಲೆ ನೀರು ಹೊರುವದಕ್ಕೂ, ಕಾಳು ತುಂಬುವದಕ್ಕೂ, ಬಡವರ ಗುಡಿಸಲಿನ ಗೋಡೆಗೂ ಅದೇ ತಗಡು. ಅಮೇರಿಕದ ಸೈನ್ಯಕ್ಕಾಗಿ ಕೋಲ್ಮನ್ ಸಂಸ್ಥೆಯವರು ೧೯೪೨ರಲ್ಲಿ ಅಂಗೈಯಗಲದ ಪೆಟ್ರೋಲ್ ಸ್ಟೋವನ್ನು ನಿರ್ಮಿಸಿದರು. ಸಂಗ್ರಾಹಕರು ಇಂದು ಅದಕ್ಕಾಗಿ ಹಾತೊರೆಯುವರು. ನನಗೆ ಮಾತ್ರ ಅದರ ಮೇಲೆ ಅಷ್ಟೊಂದು ಮೋಹವಿಲ್ಲ. ಯುದ್ಧದೊಂದಿಗೆ ಬಂದದ್ದು ಯುದ್ಧದೊಂದಿಗೆ ಹೋಯಿತು. ಮನೆಯಲ್ಲಿ ನಿಂತ ಹಿತ್ತಾಳೆಯ ಸ್ಟೋವಿಗೆ ಇರುವ ಚರಿತ್ರೆಯು ಅದಕ್ಕೆಲ್ಲಿಂದ ಬರಬೇಕು?

ಆ ಮನೆಯ ಚರಿತ್ರೆಯಲ್ಲಿಯೇ ಕರಾಳವಾದ ಒಂದು ಅಧ್ಯಾಯವುಂಟು. ಸ್ವಾತಂತ್ರ್ಯಾನಂತರ ಪರದೇಶದ ಸಾಮಾನುಗಳ ಆಮದು ಕಡಿಮೆಯಾಗಿ ನಮ್ಮ ದೇಶದಲ್ಲಿಯೇ ಸ್ಟೋಗಳು ಲಕ್ಷಗಟ್ಟಲೆ ತಯಾರಾದವು. ಭಾರತೀಯ ಮಾನಕ ಸಂಸ್ಥೆಯವರು ಐ. ಎಸ್. ೧೩೪೨ ಎಂಬ ಅಂಕಿಯಿಂದ ಅದಕ್ಕೊಂದು ಪ್ರಮಾಣವನ್ನು ಗೊತ್ತುಪಡಿಸಿದರೂ, ತೆಳುವಾದ ತಗಡು, ಕಚ್ಚಾ ಬೆಸುಗೆಯ ಅಗ್ಗದ ಸ್ಟೋಗಳಿಗೆ ಪೇಟೆಯಲ್ಲಿ ಕೊರತೆಯಿರಲಿಲ್ಲ. ಎಣ್ಣೆಯು ಪಡಿತರದ ಸಾಲಿನಲ್ಲಿ ನಿಂತು ತರುವ ವಸ್ತುವಾಯಿತು. ಸ್ಪಿರಿಟಿಗೆ ಹಣ ತೆರಲಾರದವರು ಬಟ್ಟಲಿಗೆ ಘಾಸಲೇಟನ್ನೇ ಸುರಿದರು. ಉರಿಯುವ ಸ್ಟೋವಿಗೆ ಎಣ್ಣೆ ತುಂಬುವದು, ನಿಪ್ಪಲು ಕಟ್ಟಿರುವಾಗ ಮತ್ತೆ ಮತ್ತೆ ಪಂಪು ಹೊಡೆಯುವದು, ನೆಲದ ಮೇಲೆ ಕೂತು ನೈಲಾನ್ ಸೀರೆಯ ಸೆರಗನ್ನು ಮರೆಯುವದು—ಇವುಗಳಿಂದ ನಿಜವಾದ ಅನಾಹುತಗಳು ಆದವು, ಸಂದೇಹವಿಲ್ಲ. ಎಣ್ಣೆಯ ಸಂಸ್ಥೆಯವರು ಎಪ್ಪತ್ತರ ದಶಕದಲ್ಲಿ ನೂತನವೆಂಬ ಬತ್ತಿಯ ಸ್ಟೋವನ್ನು ತಂದಾಗ, ಪಂಪಿಲ್ಲದ್ದು ಎಂಬ ಒಂದೇ ಗುಣಕ್ಕಾಗಿ ಅದನ್ನು ಕೊಂಡ ಮನೆಗಳೂ ಇದ್ದವು.

ಆದರೆ ವೃತ್ತಪತ್ರಿಕೆಗಳಲ್ಲಿ ‘ಸ್ಟೋ ಸಿಡಿದು’ ಎಂಬ ಎರಡು ಶಬ್ದಗಳು ದಶಕಗಳ ಕಾಲ ಅಚ್ಚಾದಾಗ, ಪ್ರತಿಸಲವೂ ಸ್ಟೋವೇ ಸಿಡಿದಿತ್ತೇ? ಸುಟ್ಟುಕೊಂಡು ಸತ್ತವರಲ್ಲಿ ಹೊಸದಾಗಿ ಮದುವೆಯಾದ ಸೊಸೆಯಂದಿರೇ ಅಷ್ಟೊಂದು ಮಂದಿ ಏಕೆ? ಅತ್ತೆಯ ಸೆರಗಿಗೂ ಮಗಳ ಸೆರಗಿಗೂ ಆ ಸ್ಟೋವೇ ಹತ್ತಿರವಿದ್ದರೂ ಬೆಂಕಿಯು ಸೊಸೆಯನ್ನೇ ಏಕೆ ಹುಡುಕಿತು? ಟಾಕಿಯು ಒಡೆಯದೆ ಸುಸ್ಥಿತಿಯಲ್ಲಿದ್ದುದು ಪಂಚನಾಮೆಗಳಲ್ಲಿ ಬರೆಯಲ್ಪಟ್ಟು ನ್ಯಾಯಾಲಯಗಳ ಮುಂದೆ ಎಷ್ಟೋ ಸಲ ಬಂದಿದೆ. ಗಟ್ಟಿಮುಟ್ಟಾದ ಹಿತ್ತಾಳೆಯ ಟಾಕಿಯು ಕೈಪಂಪಿನ ಸಾಧಾರಣ ಒತ್ತಡಕ್ಕೆ ಸಿಡಿಯುವ ವಸ್ತುವಲ್ಲ. ಹೆದರಬೇಕಾದದ್ದು ಹಸಿ ಎಣ್ಣೆಯ ಜ್ವಾಲೆಗೆ. ಅದನ್ನು ಬಲ್ಲವರು ‘ಸಿಡಿಯಿತು’ ಎಂಬ ಹೇಳಿಕೆಯನ್ನು ಸುಮ್ಮನೆ ಒಪ್ಪಲಾರರು. ೧೯೬೧ರ ವರದಕ್ಷಿಣಾ ನಿಷೇಧದ ಕಾಯದೆಯು ಸಾಲದೆ ಹೋಗಿ, ಆಗಿನ ದಂಡಸಂಹಿತೆಗೆ ೧೯೮೩ರಲ್ಲಿ ಗಂಡನ ಮನೆಯವರ ಕ್ರೌರ್ಯದ ಕಲಮನ್ನೂ, ೧೯೮೬ರಲ್ಲಿ ವರದಕ್ಷಿಣೆಯ ಸಾವಿನ ಕಲಮನ್ನೂ ಸೇರಿಸಬೇಕಾಯಿತು. ಮದುವೆಯಾದ ಏಳು ವರ್ಷಗಳೊಳಗಿನ ಅಂಥ ಸಾವಿಗೆ ಉತ್ತರ ಹೇಳುವ ಭಾರ ಗಂಡನ ಮನೆಯವರ ಮೇಲೆ ಬಂದಿತು. ಮೂಕವಾದ ಹಿತ್ತಾಳೆಯ ಮೇಲೆ ದೋಷ ಹೊರಿಸಿ ಮನುಷ್ಯರು ಎಷ್ಟು ಸಲ ಪಾರಾದರೆಂಬುದು ಈ ಒಲೆಯ ಇತಿಹಾಸದ ಭಾಗವೇ ಸರಿ. ಅದನ್ನು ಬಿಟ್ಟು, ಬರಿಯ ಧ್ರುವಯಾತ್ರೆಯ ಸಾಹಸಗಳನ್ನು ಬರೆದು ಕೈತೊಳೆದುಕೊಳ್ಳುವದು ನಮ್ಮ ಸೀಮೆಯಲ್ಲಿ ಸಲ್ಲದು.

ಗ್ಯಾಸು ಬಂದ ಮೇಲೆ ಪಟ್ಟಣದಲ್ಲಿ ಸ್ಟೋ ಅಟ್ಟವನ್ನೇರಿತು. ೨೦೧೬ರ ಉಜ್ವಲಾ ಯೋಜನೆಯ ತರುವಾಯ ಹಳ್ಳಿಗಳಲ್ಲಿಯೂ ಗ್ಯಾಸಿನ ಒಲೆಯು ಕಾಣತೊಡಗಿತು. ವಿಚಿತ್ರವೆಂದರೆ ಮಣ್ಣಿನ ಒಲೆಯು ಸಾಯಲಿಲ್ಲ. ಬೆಂಗಳೂರಿನ ವಿಜ್ಞಾನಮಂದಿರದವರು ಹೊಗೆ ಕಡಿಮೆಯಾದ ಅಸ್ತ್ರ ಒಲೆಯನ್ನು ರೂಪಿಸಿ ಅದಕ್ಕೆ ಹೊಸ ಆಯುಷ್ಯವನ್ನು ಕೊಟ್ಟರು. ೨೦೧೧ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಅಂಚಿನ ಹಳ್ಳಿಗಳಲ್ಲಿ ಕಟ್ಟಿಗೆಯ ಹೊಗೆಯು ಇನ್ನೂ ಮಾಡಿನ ಹಂಚುಗಳ ಸಂದಿನಿಂದ ಏಳುವದು. ನಡುವೆ ಬಂದ ಹಿತ್ತಾಳೆಯದೇ ಅಲ್ಪಾಯುಷ್ಯವಾಯಿತು. ಅದರೊಡನೆ ರಿಪೇರಿಯವರೂ ಹೋದರು. ಪೇಟೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಹಳೆಯ ಬರ್ನರುಗಳ ರಾಶಿಯ ನಡುವೆ ಕೂತು, ಪಂಪಿನ ಸದ್ದನ್ನು ಕೇಳಿಯೇ ರೋಗವನ್ನು ಹೇಳುತ್ತಿದ್ದ ಆ ವೈದ್ಯರ ವಿದ್ಯೆಯು ಯಾವ ಗ್ರಂಥದಲ್ಲಿಯೂ ಸೇರಲಿಲ್ಲ.

ಈಚೆಗೆ ಹಳೆಯ ಸ್ಟೋಗಳನ್ನು ಕೂಡಿಸುವ ಹವ್ಯಾಸವು ಲೋಕದಲ್ಲೆಲ್ಲ ಬೆಳೆದಿದೆ. ನಮ್ಮಲ್ಲಿಯೂ ಅಲ್ಲಲ್ಲಿ ಕಾಣುತ್ತಲಿದೆ. ಇದು ಸ್ವಾಗತಾರ್ಹವೇ, ಆದರೆ ನಡೆಯುವ ರೀತಿಯು ಎಲ್ಲ ಕಡೆಗೂ ಸರಿಯಾಗಿಲ್ಲ. ಯಂತ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿ ಉಪಾಹಾರಗೃಹದ ಗೋಡೆಗೆ ಏರಿಸುವದರಿಂದ ಟಾಕಿಯ ಮೇಲಿನ ಅಕ್ಷರಗಳೇ ಅಳಿಸಿಹೋಗುವವು. ಪ್ರೈಮಸಿನವರು ೧೯೧೧ರಿಂದ ತಯಾರಿಯ ವರ್ಷಕ್ಕೊಂದು ಅಕ್ಷರವನ್ನು ಒತ್ತುತ್ತ ಬಂದರು. ಇಂಗ್ಲೀಷಿನ ಮೊದಲಕ್ಷರ ‘ಎ’ ಇದ್ದರೆ ಅದು ೧೯೧೧, ‘ಬಿ’ ಇದ್ದರೆ ೧೯೧೨. ಶಾಸನಕ್ಕೆ ಶಕವರ್ಷವಿದ್ದಂತೆ ಇದು. ಹುಣಸೆಹಣ್ಣು, ರಂಗೋಲಿಯ ಪುಡಿ, ಮೆತ್ತಗಿನ ಬಟ್ಟೆ ಇಷ್ಟು ಸಾಕು. ನಮ್ಮ ತಾಯಂದಿರು ತಿಕ್ಕಿದ್ದೂ ಅದರಿಂದಲೇ. ತಗ್ಗು ಬಿದ್ದಿದ್ದರೆ ಅದನ್ನು ತೆಗೆಸುವ ಉತ್ಸಾಹ ಬೇಡ. ಹತ್ತಾರು ವರ್ಷ ಬಿದ್ದ ಸ್ಟೋವನ್ನು, ವಾಯಸರುಗಳನ್ನೂ ಬೆಸುಗೆಯನ್ನೂ ನೋಡದೆ ಹೊತ್ತಿಸಲೇಬಾರದು. ಘಾಸಲೇಟಿನ ಸ್ಟೋವಿಗೆ ಪೆಟ್ರೋಲು ಹಾಕುವದೆಂದರೆ ಆತ್ಮಹತ್ಯೆ. ಮುಚ್ಚಿದ ಕೋಣೆಯಲ್ಲಿಯೂ ಡೇರೆಯಲ್ಲಿಯೂ ಉರಿಸುವವರು ಆಂಡ್ರೇಯ ಕಥೆಯನ್ನು ನೆನೆಯುವದು ಒಳ್ಳೆಯದು.

ಅರ್ಧ ಪೈಂಟಿನ ಟಾಕಿಯಿದ್ದು, ಬಿಚ್ಚಿ ತಗಡಿನ ಪೆಟ್ಟಿಗೆಯಲ್ಲಿ ಅಡಗಿಸಬಹುದಾದ ಪ್ರೈಮಸ್ ೯೬ನೆಯ ನಮೂನೆಯೂ, ೧೯೫೫ರ ಸ್ವೇಯಾ ೧೨೩ ಎಂಬ ಪೆಟ್ರೋಲಿನ ಪುಟ್ಟ ಸ್ಟೋವೂ ಸಂಗ್ರಾಹಕರಿಗೆ ಪ್ರಿಯವಾದವು. ಅವು ನಿಜವಾದ ಪ್ರವಾಸದ ಒಲೆಗಳು. ದೊರೆತರೆ ಇಡಬೇಕು. ಆದರೆ ನಮ್ಮ ಜಿಲ್ಲೆಯ ಸಂಗ್ರಾಹಕರು ಮೊದಲು ಕೇಳಬೇಕಾದದ್ದು ನಮೂನೆಯ ಅಂಕಿಯನ್ನಲ್ಲ. ಇದು ಯಾವ ಗಲ್ಲಿಯ ಮನೆಯಲ್ಲಿತ್ತು, ಒಳಗೆ ನಿಂತಿತ್ತೋ ಹೊಸ್ತಿಲ ಹೊರಗೋ, ಯಾವ ಪೇಟೆಯಲ್ಲಿ ಕೊಂಡರು, ಯಾರು ಹೊತ್ತಿಸುತ್ತಿದ್ದರು, ಬಟ್ಟಲಿಗೆ ಸ್ಪಿರಿಟು ಹಾಕುತ್ತಿದ್ದರೋ ಎಣ್ಣೆಯನ್ನೋ, ಎಣ್ಣೆಗೆ ಏನೆನ್ನುತ್ತಿದ್ದರು—ಇವನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಸ್ಟೋವಿನ ಕಾಲಿಗೆ ಕಟ್ಟಿಡಬೇಕು. ಉತ್ತರ ಹೇಳಬಲ್ಲ ಅಜ್ಜಿಯಂದಿರು ಶಹಾಪುರದಲ್ಲಿಯೂ ನಂದಗಡದಲ್ಲಿಯೂ ಇನ್ನೂ ಇದ್ದಾರೆ. ಹಿತ್ತಾಳೆಗೆ ಗಿರಾಕಿ ಬಂದ ದಿನ ಮಕ್ಕಳು ಅವರನ್ನು ಕೇಳದೆಯೇ ಸ್ಟೋವನ್ನು ಅಟ್ಟದಿಂದ ಇಳಿಸಿ ತಕ್ಕಡಿಗೆ ಹಾಕುತ್ತಿದ್ದಾರೆ.